ಪೂಜೆಗೆ ಇಟ್ಟ ಮನೆಪಟ್ಟಿ

ಉಡುಪಿ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷ ಆಗಿತ್ತು. ನಾನು ಕುಕ್ಕುಂದೂರಿನಿಂದ ಬಸ್ಸು ಹಿಡಿದು ಮಣಿಪಾಲದ ಒಂದು ದಾಖಲೆ ಸಂಗ್ರಹಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಹಳೆ ಮನೆಗಳ ಅಟ್ಟದಿಂದ ಬಂದ ಪುಸ್ತಕ, ಕಡತಗಳ ಧೂಳು ಕೊಡವಿ, ಪಟ್ಟಿ ಮಾಡಿ, ದಿಲ್ಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಕಳುಹಿಸುವುದು ನಮ್ಮ ಕೆಲಸ. ಕೆಲಸ ತಾತ್ಕಾಲಿಕ, ಜಂಭ ಮಾತ್ರ ಕಾಯಂ. ದೇಶದ ಚರಿತ್ರೆಯೆಲ್ಲ ನನ್ನ ಸೆರಗಿನ ಗಂಟಿನಲ್ಲೇ ಇದ್ದಂತೆ ಓಡಾಡುತ್ತಿದ್ದೆ.

ನವರಾತ್ರಿಗೆ ವಾರ ಇರುವಾಗ ಕಾಪುವಿನಿಂದ ಒಬ್ಬ ಮೀನು ಮಾರುವ ಹೆಂಗಸು ಬಂದರು. ನನ್ನ ತಾಯಿಯ ವಯಸ್ಸು. ಕಡಲ ಬದಿಯ ಅವರ ಮನೆ ಸರಕಾರಿ ಜಾಗದಲ್ಲಿದೆ ಎಂದು ನೋಟಿಸು ಬಂದಿತ್ತು. ಅಜ್ಜನ ಕಾಲದಿಂದ ಅಲ್ಲೇ ಇದ್ದದ್ದಕ್ಕೆ ದಾಖಲೆ ತೋರಿಸಿದರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಕೆಡವುತ್ತಾರೆ. ದಸರಾ ಕಳೆದ ಸೋಮವಾರ ವಿಚಾರಣೆ.

ಆ ಊರಿನ ಹಿಂದಿನ ಪಟೇಲರು ಬರೆಸಿದ್ದ ಮನೆಪಟ್ಟಿ ನಮ್ಮಲ್ಲಿತ್ತು. ಅದರ ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಇಪ್ಪತ್ತೊಂದನೆಯ ಸಾಲು, ನೇರಳೆ ಶಾಯಿ. ಅವರ ಅಜ್ಜನ ಹೆಸರು, ಕಡಲ ಬದಿ ಹುಲ್ಲಿನ ಮನೆ ಒಂದು, ತೆಂಗಿನ ಮರ ಮೂರು. ಗಟ್ಟಿಯಾಗಿ ಓದಿದೆ.

"ಇನ್ನೊಂದು ಸಲ ಓದಿ ಅಕ್ಕ" ಎಂದರು. ಓದಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಕಲಿಗೆ ಅಧಿಕಾರಿಯ ಸಹಿ ಬೇಕು, ಅವರು ರಜೆಯಲ್ಲಿದ್ದರು. "ದಶಮಿಯ ಮರುದಿನ ಬನ್ನಿ ಅಮ್ಮ. ಚಿಂತೆ ಮಾಡಬೇಡಿ, ನಾನಿದ್ದೇನಲ್ಲ" ಎಂದು ಕಳುಹಿಸಿದೆ.

ನವಮಿಗೆ ನಮ್ಮಲ್ಲೂ ಪುಸ್ತಕ ಪೂಜೆ. ರಾಶಿಯ ಮೇಲಿಡಲು ನಾನೇ ಆ ಮನೆಪಟ್ಟಿ ತಂದು, ಗುರುತಿಟ್ಟ ಪುಟವನ್ನೇ ಬಿಡಿಸಿದೆ. ಆ ಹೆಂಗಸಿಗೆ ಒಳ್ಳೆಯದಾಗಲಿ ಎಂದು ಆಸೆ. ಗಂಧ ಹಚ್ಚಿದೆ, ತುಳಸಿಯಿಂದ ನೀರು ಚಿಮುಕಿಸಿದೆ, ಮುಚ್ಚಿ ಮೇಲೆ ಹೂವಿಟ್ಟೆ. ಪೂಜೆಗೆ ಇಟ್ಟ ಪುಸ್ತಕವನ್ನು ದಶಮಿಯವರೆಗೆ ಯಾರೂ ಬಿಡಿಸುವಂತಿಲ್ಲ. ವರ್ಷವಿಡೀ ಕುಡಿಯುವ ನೀರಿನ ಲೋಟವನ್ನೂ ಆ ಕೋಣೆಯೊಳಗೆ ಬಿಡದವಳು ನಾನು. ಅಂದು ನನ್ನ ಬುದ್ಧಿಗೆ ಯಾವ ಮಂಕು ಬಡಿದಿತ್ತೋ.

ದಶಮಿಯ ಬೆಳಿಗ್ಗೆ ಪುಟ ಬಿಡಿಸಿದೆ. ಶಾಯಿ ಕದಡಿ ಗಂಧದೊಂದಿಗೆ ಬೆರೆತು ನಾಲ್ಕು ಸಾಲು ಬರೇ ಕಲೆಯಾಗಿತ್ತು. ಇಪ್ಪತ್ತನೆಯ ಮನೆ ಇತ್ತು, ಇಪ್ಪತ್ತೈದನೆಯದು ಇತ್ತು. ನಡುವೆ ಒಂದಕ್ಷರವೂ ಇಲ್ಲ.

ಮರುದಿನ ಅಧಿಕಾರಿ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. "ಇದರಲ್ಲಿ ಎಂತ ಉಂಟು? ಕಣ್ಣಿಗೆ ಕಾಣದ್ದಕ್ಕೆ ನಾನು ಸಹಿ ಹಾಕುವುದಿಲ್ಲ" ಎಂದರು. ನೀರು ಎಲ್ಲಿಂದ ಬಿತ್ತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೆಂಗಸು ಬಂದಾಗ ಅವರ ಮುಖ ನೋಡಿ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೀರು ಬಿದ್ದು ಅಳಿಸಿಹೋಯಿತು ಅಮ್ಮ. ನನ್ನ ಕೈಯಿಂದಲೇ ಆದದ್ದು" ಎಂದೆ. ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹಾಗಾದರೆ ನೀವೇ ಬಂದು ಹೇಳಿ ಅಕ್ಕ" ಎಂದರು ಅವರು. "ನೀವು ಓದಿದ್ದೀರಿ ಅಲ್ವಾ? ಎರಡು ಸಲ ಓದಿದ್ದೀರಿ."

"ಬರುತ್ತೇನೆ" ಎಂದೆ.

ನಾನು ಹೋಗಲಿಲ್ಲ. ಅಲ್ಲಿ ನಿಂತು ಸಾಕ್ಷಿ ಹೇಳಬೇಕಾದರೆ ಪುಸ್ತಕ ಕೆಡಿಸಿದವಳು ನಾನೇ ಎಂದೂ ಹೇಳಬೇಕಿತ್ತು. ಹೇಳಿದರೆ ಕೆಲಸ ಹೋಗುತ್ತಿತ್ತು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ನೆಪಕ್ಕೇನು ಬರಗಾಲ, ಬೇಕಾದಷ್ಟು ಸಿಗುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲೇ ಅವರ ಮನೆಯನ್ನು ಕೆಡವಿದರೆಂದು ಕಾಪುವಿನಿಂದ ಬರುತ್ತಿದ್ದ ಸಹೋದ್ಯೋಗಿಯೊಬ್ಬರು ಹೇಳಿದರು. ವಿಚಾರಣೆಯ ದಿನ ಆ ಹೆಂಗಸು ಯಾರೋ ಅಕ್ಕ ಬರುತ್ತಾರೆ, ಸ್ವಲ್ಪ ತಡೆಯಿರಿ ಎಂದು ಎಲ್ಲರಲ್ಲೂ ಬೇಡುತ್ತಿದ್ದರಂತೆ.

ಅದೇ ಸೋಮವಾರ, ಅದೇ ಹೊತ್ತಿಗೆ, ನಾನು ದಿಲ್ಲಿಗೆ ಹೋಗುವ ಪೆಟ್ಟಿಗೆಯ ಮುಂದೆ ಕುಳಿತಿದ್ದೆ. ಪ್ರತಿ ಪುಸ್ತಕದ ಎದುರು ಅದರ ಸ್ಥಿತಿ ಹೇಗಿದೆ ಎಂದು ಬರೆಯಬೇಕು. ಮನೆಪಟ್ಟಿಯ ಎದುರು 'ಹಳೆಯ ನೀರಿನ ಕಲೆ, ಬರುವಾಗಲೇ ಇತ್ತು' ಎಂದು ದುಂಡಗೆ ಬರೆದು ಸಹಿ ಹಾಕಿದೆ.