ಸೊಸೆಗೆಂದು ತೆಗೆದಿಟ್ಟ ರಕ್ತ

ಪ್ರೌಢಶಾಲೆಯಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿ, ನಡುವೆ ಡಾಕ್ಟರೇಟನ್ನೂ ಮುಗಿಸಿ, ನಲವತ್ತು ದಾಟಿದ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾದೆ. ಅದು ಡಾಕ್ಟರೇಟಿನ ನಂತರದ ಸಂಶೋಧನಾ ತರಬೇತಿ. ವಿಷಯ ರಕ್ತಪೂರಣ, ಅಂದರೆ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಶಾಸ್ತ್ರ. ನನ್ನ ಪಾಲಿಗೆ ಬಂದ ಪ್ರಶ್ನೆ ಸರಳವಾಗಿಯೇ ಇತ್ತು: ಶಿಬಿರದಲ್ಲಿ ಒಮ್ಮೆ ರಕ್ತ ಕೊಟ್ಟವರು ಮತ್ತೆ ಏಕೆ ಬರುವುದಿಲ್ಲ? ವರ್ಷದ ಕೊನೆಗೆ ಸಮರ್ಪಕ ಉತ್ತರ ಒಪ್ಪಿಸಿದರೆ ಎರಡನೆಯ ವರ್ಷ ಮಂಜೂರು. ಇಲ್ಲವಾದರೆ, ಬಿಟ್ಟುಬಂದ ಶಾಲೆಯೂ ಇಲ್ಲ, ಹಿಡಿದ ಸಂಶೋಧನೆಯೂ ಇಲ್ಲ.

ಪ್ರಶ್ನಾವಳಿಯನ್ನು ನಾನೇ ರಚಿಸಿದೆ. ಅದರಲ್ಲಿ ನಾಲ್ಕು ಕಾರಣಗಳಿದ್ದವು: ಭಯ, ಅನಾರೋಗ್ಯ, ಸಮಯಾಭಾವ, ಮಾಹಿತಿಯ ಕೊರತೆ. ಐದನೆಯದಾಗಿ 'ಇತರೆ' ಇರಲಿ ಎಂದು ರಕ್ತನಿಧಿಯ ತಂತ್ರಜ್ಞೆ ಸೂಚಿಸಿದರು. ಸೋಮಾರಿ ವಿದ್ಯಾರ್ಥಿಗಳು ಅಡಗಿಕೊಳ್ಳುವ ಜಾಗವದು ಎಂದು ನಾನು ವಿನಯದಿಂದಲೇ ನಿರಾಕರಿಸಿದೆ. ಒಂದಕ್ಕೆ ಮಾತ್ರ ಗುರುತು ಹಾಕಬೇಕು, ಖಾಲಿ ಬಿಡಬಾರದು ಎಂಬ ಸೂಚನೆಯನ್ನು ದಪ್ಪಕ್ಷರದಲ್ಲಿ ಮುದ್ರಿಸಿದೆ.

ಹೆದ್ದಾರಿ ಇನ್ನೂ ಅಗಲವಾಗದ ಆ ದಿನಗಳಲ್ಲಿ ಬ್ರಹ್ಮಾವರದಿಂದ ಬಸ್ಸು ಹಿಡಿದು ಕುಂದಾಪುರ, ಬೈಂದೂರುಗಳ ಕಡಲಂಚಿನ ಕೇರಿಗಳಲ್ಲೆಲ್ಲ, ಹಿಂದೊಮ್ಮೆ ರಕ್ತ ಕೊಟ್ಟವರಿಗೆ ನಮೂನೆ ಹಂಚಿದೆ. ಒಂದೂ ಖಾಲಿ ಬರಲಿಲ್ಲ. ಬಹುಪಾಲು ಗುರುತುಗಳು 'ಭಯ'ದ ಎದುರಿಗಿದ್ದವು. ವರದಿ ಬರೆದು ಮುಗಿಸಿದೆ. ಒಂದು ನಮೂನೆಯಲ್ಲಿ ಮಾತ್ರ ಸಹಿ ಇರಲಿಲ್ಲ. ಇನ್ನೊಬ್ಬರಾಗಿದ್ದರೆ ಅದನ್ನು ಬದಿಗಿಡುತ್ತಿದ್ದರು. ನಾನು ಆ ಒಂದು ಸಹಿಗಾಗಿ ಬೈಂದೂರಿನ ಬಸ್ಸು ಹತ್ತಿದೆ.

ನಮೂನೆ ತುಂಬಿದ್ದ ಮೀನುಗಾರ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದರು. ಸಹಿ ಹಾಕುವ ಮೊದಲು ಒಮ್ಮೆ ಓದಿ ಹೇಳಬೇಕೆಂಬುದು ನನ್ನ ಪದ್ಧತಿ. "ರಕ್ತ ಕೊಡಲು ಭಯ" ಎಂದು ಓದುತ್ತಿದ್ದಂತೆ ಒಳಗಿನಿಂದ ಅವರ ಹೆಂಡತಿ ಹೊರಬಂದರು.

"ಹ್ವಾಯ್, ಎಂತ ಅಂದ್ರಿ? ಇವ್ರಿಗೆ ಹೆದ್ರಿಕ್ಯಾ? ಅಷ್ಟ್ ಗಾಳ್ಯಗೂ ದೋಣಿ ಹಾಕ್ದವ್ರ್ ಇವ್ರ್!"

ಮೀನುಗಾರ ನಕ್ಕರು. "ಆ ನಾಕ್ರಗೆ ಅದೇ ಸಣ್ಣ ಶಬ್ದ ಇದ್ದಿತ್, ಟೀಚ್ರೆ. ಖಾಲಿ ಬಿಟ್ರೆ ನೀವ್ ಬಯ್ತ್ರಿ ಅಂದೇಳಿ ಗೀಟ್ ಹಾಕ್ದೆ."

"ಹಾಗಾದರೆ ನಿಜವಾದ ಕಾರಣವೇನು?"

"ಸೊಸಿಗೆ ಏಳ್ ತಿಂಗ್ಳ್. ಹೆರ್ಗಿ ಹೊತ್ತಿಗೆ ನೆತ್ರ ಬೇಕಾರೆ ಯಾರ್ ಕೊಡುದ್? ಒಂದ್ಸಲ ಕೊಟ್ರೆ ಮತ್ತ್ ಮೂರ್ ತಿಂಗ್ಳ್ ಕೊಡೂಕಿಲ್ಲೆ ಅಂದವ್ರ್ ನಿಮ್ಮವ್ರೇ ಅಲ್ದಾ? ಅದ್ಕೇ ನನ್ನದ್ ತೆಗ್ದಿಟ್ಟದ್."

"ಆಚಿಮನಿಯವ್ರ್ ಬಸ್ರಿ ತಮ್ಮನನ್ನೇ ಹೀಂಗ್ ಇಟ್ಕಂಡಿದ್ರ್," ಎಂದರು ಹೆಂಡತಿ. "ಅವ್ನಿಗೆ ಈಗ ಕೈ ಕೊಯ್ಕಂಬ್ಕೂ ಬಿಡುದಿಲ್ಲೆ!"

ಕೇರಿಯನ್ನು ಮತ್ತೆ ಸುತ್ತಿದೆ. ಬಸುರಿ ಇದ್ದ ಒಂದೊಂದು ಮನೆಯಲ್ಲೂ ಒಬ್ಬ ಗಂಡಸನ್ನು ಹೀಗೆ ಮೀಸಲಿಟ್ಟಿದ್ದರು. ನಮ್ಮ ನಿಯಮವನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಿದ್ದ ಜನರನ್ನು ನಾನು ಅಂಜುಬುರುಕರೆಂದು ಅಚ್ಚುಕಟ್ಟಾಗಿ ಪಟ್ಟಿ ಮಾಡಿದ್ದೆ.

ವಿಷಯ ತಿಳಿಸಿದಾಗ ಮಾರ್ಗದರ್ಶಕರು ಕನ್ನಡಕ ತೆಗೆದರು. "ಇಷ್ಟು ಶುದ್ಧವಾದ ನಮೂನೆಗಳನ್ನು ನಾನು ಕಂಡೇ ಇಲ್ಲ. ಇದೇ ಕೊಟ್ಟರೆ ನಿಮ್ಮ ಎರಡನೆಯ ವರ್ಷ ಖಚಿತ. ಏಕೆ ಕೆಡಿಸಿಕೊಳ್ಳುತ್ತೀರಿ?"

"ಉತ್ತರ ತಪ್ಪು, ಸರ್."

"ತಪ್ಪೋ ಸರಿಯೋ ಎಂದು ನಿಮ್ಮನ್ನು ಕೇಳಿದವರು ಯಾರು?"

ಯಾರೂ ಕೇಳಿರಲಿಲ್ಲ. ಆದರೂ ವರದಿಯನ್ನು ಮೊದಲಿನಿಂದ ಬರೆದೆ. ಇವರು ಹೆದರಿದವರಲ್ಲ, ಮನೆಯವರಿಗಾಗಿ ಕಾಯುತ್ತಿರುವವರು. ಹೆರಿಗೆಯಾದ ಮೇಲೆ ಹೋಗಿ ಕೇಳಿದರೆ ಬರುತ್ತಾರೆ ಎಂದು ಮಂಜೂರಾತಿ ಸಮಿತಿಯ ಮುಂದೆ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ನಾನು ತರಗತಿಯಲ್ಲಿ ಬಹಳ ಕಂಡಿದ್ದೆ, ಗುರುತಿಸಬೇಕಿತ್ತು.

ಎರಡು ವಾರಗಳ ನಂತರ ಪತ್ರ ಬಂತು. ಎರಡನೆಯ ವರ್ಷ ಮಂಜೂರಾಗಿತ್ತು. ಉದ್ದೇಶವನ್ನೂ ಸ್ಪಷ್ಟವಾಗಿಯೇ ನಮೂದಿಸಿದ್ದರು: ಕರಾವಳಿಯ ಮೀನುಗಾರರಲ್ಲಿ ಬೇರೂರಿರುವ ರಕ್ತದಾನದ ಭಯವನ್ನು ಹೋಗಲಾಡಿಸುವುದು.

ಶಾಲೆಯಲ್ಲಿ ತಪ್ಪು ತಿದ್ದುತ್ತಿದ್ದ ಕೆಂಪು ಶಾಯಿಯ ಪೆನ್ನು ಮೇಜಿನ ಮೇಲೆಯೇ ಇತ್ತು. ಒಪ್ಪಿಗೆಯ ಸಹಿ ನೀಲಿಯಲ್ಲಿರಬೇಕೆಂದು ಬರೆದಿದ್ದರು. ನೀಲಿಯಲ್ಲೇ ಹಾಕಿದೆ.