ಚೌಗುಲೆ ಕಾಕಾ ಚಾಚಿದ ಕೈ

"ಆಯಿ, ಚೌಗುಲೆ ಆಜೋಬಾ ಕೈ ಅಷ್ಟು ದೂರ ಹಿಡದು ಯಾಕ ಓಡ್ತಾರ? ಅವರ ಕೈ ನಾರತೈತೇನು?"

ಐದು ವರ್ಷದ ಓವಿ ಬಾಲ್ಕನಿಯ ಸರಳುಗಳ ನಡುವೆ ಮೂಗು ತೂರಿಸಿ ಕೇಳಿದಳು. ಕೆಳಗೆ ರಂಕಾಳಾ ಕೆರೆಯ ದಂಡೆಯ ಮೇಲೆ ಚೌಗುಲೆ ಕಾಕಾ ಓಡುತ್ತಿದ್ದರು. ಎಡಗೈ ಎಟುಕುವಷ್ಟು ದೂರ, ಕುತ್ತಿಗೆ ಹಿಂದಕ್ಕೆ, ಹುಬ್ಬು ಗಂಟು.

"ಗಡಿಯಾರ ನೋಡ್ತಾರವಾ," ಎಂದಳು ಕೇತಕಿ, ಮಗಳ ನೆತ್ತಿಗೆ ಎಣ್ಣೆ ತಟ್ಟುತ್ತಾ.

"ಮತ್ತ ನಡುವ ಅಷ್ಟು ಜಾಗಾ ಯಾಕ?"

ಆ ಜಾಗವೇ ಕಾಕಾರ ಗುಟ್ಟು. ಮುಂದಿನ ಭಾನುವಾರದವರೆಗೆ ಅದು ಯಾರಿಗೂ ಗೊತ್ತಾಗಲಿಲ್ಲ.

ವಿಲಾಸರಾವ್ ಚೌಗುಲೆ ಮೂವತ್ತನಾಲ್ಕು ವರ್ಷ ಕೊಲ್ಹಾಪುರದ ಓಣಿಗಳಲ್ಲಿ ಟಪಾಲು ಹಂಚಿದವರು. ಊರಿನ ಡಾಕ್ಟರುಗಳ ಕೈಬರಹವನ್ನು ಕಾಂಪೌಂಡರಿಗಿಂತ ಮೊದಲು ಓದುತ್ತಿದ್ದ ಕಣ್ಣು ಅವರದು. ನಿವೃತ್ತರಾದ ಮೇಲೆ ಕಾಲು ಸುಮ್ಮನಿರಲಿಲ್ಲ, ಓಟಕ್ಕೆ ಬಿದ್ದರು. ಐದು ವರ್ಷದಿಂದ ಕೆರೆ ದಂಡೆಯ ಓಟದ ಮಂಡಳಿಯಲ್ಲಿ 'ಎರಡೂವರೆ ತಾಸು' ಎಂದು ಬರೆದ ಬಾವುಟ ಅವರ ಕೈಯಲ್ಲಿದೆ. ಇಪ್ಪತ್ತೊಂದು ಕಿಲೋಮೀಟರಿನ ಓಟದಲ್ಲಿ ಆ ಬಾವುಟದ ಹಿಂದೆ ಹೋದವರು ಎರಡೂವರೆ ತಾಸಿಗೆ ಮುಟ್ಟಲೇಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಓವಿ ಹುಟ್ಟಿದ ಮರುವರ್ಷ ಕೇತಕಿಯೂ ಅದರ ಹಿಂದೆ ಓಡಿದ್ದಳು. ಕೊನೆಯ ಮೂರು ಕಿಲೋಮೀಟರು ಅವಳು ಅಳುತ್ತಲೇ ಓಡಿದಳು. ಕಾಕಾ ಮಾತ್ರ, ಮನೆ ನಂಬರಿಲ್ಲದೆ 'ಬೇವಿನ ಮರದ ಎದುರು, ಕೋಪಿಷ್ಠ ಮುದುಕಿ' ಎಂದಷ್ಟೇ ಬರೆದಿದ್ದ ಲಕೋಟೆಯನ್ನು ತಲುಪಿಸಿದ ಕಥೆ ಹೇಳಿ ದಾಟಿಸಿದ್ದರು.

ಈಗ ಅರವತ್ತಾರು. ಗಡಿಯಾರದ ಅಂಕಿಗಳು ಇರುವೆಗಳಾಗಿದ್ದವು. ಕಿಲೋಮೀಟರಿಗೆ ಎಂಟು ನಿಮಿಷ ಎಂಬುದು ಆರಾಗಿ ಕಂಡರೆ ಜೋರಾಯಿತೆಂದು ನಿಧಾನ ಮಾಡುತ್ತಿದ್ದರು, ಹಾಲಿನ ಕ್ಯಾನು ಹೊತ್ತ ಸೈಕಲ್ಲುಗಳು ಗಂಟೆ ಬಾರಿಸಿ ಹಿಂದೆ ಹಾಕುತ್ತಿದ್ದವು. ಆರು ಎಂಟಾಗಿ ಕಂಡರೆ ಹಿಂದಿನವರಿಗೆ ನಾಲಿಗೆ ಹೊರಬರುತ್ತಿತ್ತು. ಚಾಳೀಸು ಹಾಕಿದರೆ ಬೆವರಿಗೆ ಮಂಜು ಕಟ್ಟಿ ಮೂಗಿನ ತುದಿಗೆ ಜಾರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಚಾಳೀಸು ಕಂಡರೆ ಬಾವುಟ ಹೋದೀತೆಂಬ ಭಯ. ಹಾಗಾಗಿ ಕೈ ಚಾಚುವುದೊಂದೇ ದಾರಿ.

ಆದರೆ ಮಂಡಳಿಯಲ್ಲಿ ಒಂದು ರೂಢಿಯಿದೆ. ಮುಂದಿನವರು ಎಡಗೈ ಚಾಚಿದರೆ ಎಡಕ್ಕೆ ತಿರುಗು ಎಂದರ್ಥ.

ಆ ಭಾನುವಾರ ನಸುಕಿನಲ್ಲಿ ಗವಳಿಯ ಅಂಗಳದ ಮೂಲೆಗೆ ಬಂದಾಗ ಕಾಕಾ ಗಡಿಯಾರ ನೋಡಲು ಕೈ ಚಾಚಿದರು. ಹಿಂದಿದ್ದ ಹದಿನೇಳು ಜನ ಶಿಸ್ತಾಗಿ ಎಡಕ್ಕೆ ತಿರುಗಿ ಎಮ್ಮೆಗಳ ನಡುವೆ ನಿಂತರು. ಗವಳಿಗೆ ಅಚ್ಚರಿಯಾಗಲಿಲ್ಲ. ಬೆಳಗ್ಗೆ ತಾಲೀಮಿನ ಪೈಲ್ವಾನರು ಬಂದು ಹಾಲು ಕುಡಿಯುವುದು ಇದ್ದದ್ದೇ. ಕೆಚ್ಚಲಿನಿಂದ ನೇರ ಗ್ಲಾಸಿಗೆ ಕರೆದು ಎಲ್ಲರ ಕೈಗೂ ಕೊಟ್ಟ. ನೊರೆಹಾಲು ಹೊಟ್ಟೆಗೆ ಬಿದ್ದ ಮೇಲೆ ಓಡುವವರು ಯಾರು? ಅತ್ತ ಕಾಕಾ ಒಬ್ಬರೇ ಅರ್ಧ ಮೈಲಿ ಹೋಗಿದ್ದರು. "ಶಾಬಾಸ್! ಉಸಿರು ಬಿಡ್ರಿ! ಹಿಂಗ ಇರ್ರಿ!" ಎಂದು ಖಾಲಿ ರಸ್ತೆಗೆ ಹುರುಪು ತುಂಬುತ್ತಿದ್ದರು.

ಮಂಡಳಿಯ ಮುಖ್ಯಸ್ಥ ಮಾನೆ ಸರ್, ಶಾಲೆಯ ಡ್ರಿಲ್ ಮಾಸ್ತರು, ಮೀಸೆಯಡಿಯಲ್ಲಿ ನಕ್ಕು ಹೇಳಿದರು: "ಕಾಕಾ, ಇದು ಓಟದ ಮಂಡಳಿ, ಡೈರಿ ಅಲ್ಲ. ಮುಂದಿನ ಐತವಾರ ಹತ್ತು ಕಿಲೋಮೀಟರ್ ಎಪ್ಪತ್ತೊಂದು ನಿಮಿಷಕ್ಕ ತಂದು ಮುಟ್ಟಸ್ರಿ. ಅರ್ಧ ನಿಮಿಷ ಹೆಚ್ಚುಕಡಿಮಿ ಆದ್ರ ಬಾವುಟ ಬ್ಯಾರೇದವರಿಗೆ."

ಅಂದು ಸಂಜೆ ಕಾಕಾ ಕೇತಕಿಯ ಬಾಗಿಲಲ್ಲಿ ನಿಂತಿದ್ದರು, ಗಡಿಯಾರ ಕರವಸ್ತ್ರದಲ್ಲಿ ಸುತ್ತಿಕೊಂಡು.

"ಮಗಳ, ನನ್ನ ಫೋನಿನ ಅಕ್ಷರ ದೊಡ್ಡವು ಮಾಡಿ ಕೊಟ್ಟಿದ್ದೆಲ್ಲ? ಹಂಗ ಇದಕ್ಕೂ ಏನರ ಮಾಡಾಕ ಬರತೈತೇನು? ಕಣ್ಣಿಗೇನೂ ಆಗಿಲ್ಲ ಮತ್ತ. ಗಡಿಯಾರದ್ದಽ ತಪ್ಪು."

ಓವಿ ಅಂಕಿ ಕಲಿಯುವ ಕಾರ್ಡುಗಳನ್ನು ಹರವಿಕೊಂಡು ಕೂತಿದ್ದಳು. ಒಂದನ್ನು ಎತ್ತಿ ಹಿಡಿದಳು. "ಇದು ಎಷ್ಟು, ಆಜೋಬಾ?"

"ಎಂಟು."

"ಇದು?"

"ಆರು. ನನಗ ಪರೀಕ್ಷಾ ಮಾಡ್ತೀ ಏನಽ ಪೋರಿ?"

ಕೇತಕಿ ಗಡಿಯಾರ ಹಿಡಿದಳು. "ಇದರಾಗ ಎಷ್ಟು ಐತಿ, ಕಾಕಾ?"

"ಆರು."

"ಎಂಟು! ನಾಪಾಸು!" ಓವಿ ಚಪ್ಪಾಳೆ ತಟ್ಟಿದಳು. ಕಾಕಾ ನಗಲಿಲ್ಲ. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಚಿದರು.

ಕೇತಕಿ ಅವರ ಮುಂದೆ ಚಹಾ ಇಟ್ಟು ಗಡಿಯಾರ ತಿರುವಿ ನೋಡಿದಳು. ಕರಿ ಮುಖದ ಮೇಲೆ ಬೂದಿ ಬಣ್ಣದ ಅಕ್ಷರ. ಒಂದು ಬಿಲ್ಲೆಯೊಳಗೆ ಆರು ಕೋಣೆ: ವೇಗ, ದೂರ, ಎದೆಬಡಿತ, ಹೆಜ್ಜೆ, ಎತ್ತರ, ಸೂರ್ಯ ಮುಳುಗುವ ಹೊತ್ತು.

"ಆರು ಮಂದಿ ಬಾಡಗಿದಾರರನ್ನ ಇಟ್ಟೀರಿ. ಐದು ಮಂದಿನ್ನ ಬಿಡಸೋಣು."

"ಎದಿ ಬಡಿತ ಇರಲಿ ಮಗಳ. ಅದು ಹ್ವಾದ್ರ ಎದೀನ ನಿಂತಂಗ ಆಗತೈತಿ."

"ನಿಂತ್ರ ಗಡಿಯಾರ ನೋಡದಽ ಗೊತ್ತಾಗತೈತಿ, ಕಾಕಾ. ಸೂರ್ಯ?"

"ಅಂವಾ ಇದ್ರ ಏನು ತ್ರಾಸು? ಪುಕ್ಕಟೆ ಕೊಟ್ಟಾರ..."

ಒಂದೊಂದು ಕೋಣೆ ಖಾಲಿಯಾದಾಗಲೂ ಕಾಕಾ ಹಳೆ ಪಾತ್ರೆ ಮಾರುವವರಂತೆ ನಿಟ್ಟುಸಿರು ಬಿಟ್ಟರು. ಕೊನೆಗೆ ಉಳಿದದ್ದು ವೇಗವೊಂದೇ: ಬಿಳಿ ಮುಖದ ತುಂಬ ಕರಿ ಅಂಕಿ, ಓವಿಯ ಕಾರ್ಡಿನ ಹಾಗೆ. ಕಿಲೋಮೀಟರಿಗೊಮ್ಮೆ ಮಣಿಕಟ್ಟಿನಲ್ಲಿ ಗುಂಯ್ ಎನ್ನುವಂತೆಯೂ ಕೇತಕಿ ಮಾಡಿದಳು. ಮೊದಲ ಸಲ ಗುಂಯ್ ಎಂದಾಗ ಕಾಕಾ ನೊಣವೆಂದು ಬಡಿದುಕೊಂಡರು.

ಮರು ಭಾನುವಾರ ಬೆಳಗ್ಗೆ ಕೇತಕಿ ಓವಿಯನ್ನು ಕರೆದುಕೊಂಡು ಓಟ ಮುಗಿಯುವ ಗೆರೆಯ ಬಳಿ ನಿಂತಳು. ಮಾನೆ ಸರ್ ಓಟದ ಗಡಿಯಾರ ಹಿಡಿದಿದ್ದರು. ತಿರುವಿನಲ್ಲಿ ಬಾವುಟ ಕಂಡಿತು. ಹಿಂದೆ ಹದಿನೇಳೂ ಜನ, ಮಾತಾಡುತ್ತಾ, ಉಸಿರು ತಪ್ಪದೆ. ಕಾಕಾರ ಎಡಗೈ ಮೊಣಕೈಯಲ್ಲಿ ಮಡಿಚಿತ್ತು. ಗೆರೆ ದಾಟಿದ್ದೇ ಮಾನೆ ಸರ್ ಗುಂಡಿ ಒತ್ತಿದರು.

"ಎಷ್ಟಾತ್ರಿ?" ಎಂದರು ಕಾಕಾ. ಬಾವುಟವನ್ನು ಇನ್ನೂ ಕೆಳಗಿಳಿಸಿರಲಿಲ್ಲ.

ಮಾನೆ ಸರ್ ಗಡಿಯಾರ ನೋಡಿದರು. ಸ್ವಲ್ಪ ದೂರ ಹಿಡಿದರು. ಇನ್ನೂ ಸ್ವಲ್ಪ ದೂರ. ಬಿಸಿಲಿಗೆ ತಿರುಗಿದರು. "ಎಪ್ಪತ್ತು... ಎಪ್ಪತ್ತೊಂದು..." ಎಂದು ಗಂಟಲು ಸರಿಮಾಡಿಕೊಂಡು, ಕೊನೆಗೆ ಗಡಿಯಾರವನ್ನು ಓವಿಯ ಮುಂದೆ ಹಿಡಿದರು. "ಪುಟ್ಟಿ, ನಿನಗ ಅಂಕಿ ಬರತಾವೇನು, ನೋಡೂಣು?"

"ಏಳು, ಒಂದು, ಸೊನ್ನೆ, ಎರಡು!"

ಎಪ್ಪತ್ತೊಂದು ನಿಮಿಷ, ಎರಡು ಸೆಕೆಂಡು. ಹದಿನೇಳು ಜನ ಹೋ ಎಂದರು. ಬಾವುಟ ಕಾಕಾರ ಕೈಯಲ್ಲೇ ಉಳಿಯಿತು. ಮಾನೆ ಸರ್ ಬೆನ್ನು ತಟ್ಟಿ ಬೇಗ ಬೇಗನೆ ಹೊರಟುಹೋದರು.

ಕಾಕಾ ಬೆವರು ಒರೆಸಿಕೊಂಡು ಕೇತಕಿಯ ಕಿವಿಯ ಹತ್ತಿರ ಬಂದರು.

"ಕಂಡೆಲ್ಲ? ಆ ಕೈ ಕಂಡೆಲ್ಲ? ಇವತ್ತಿಲ್ಲ ನಾಳಿ ಅಂವಾ ನಿನ್ನ ಬಾಗಲಿಗೆ ಬರತಾನು. ಗಡಿಯಾರ ಸರಿ ಮಾಡಿ ಕೊಡು, ಇಲ್ಲ ಅನ್ನಬ್ಯಾಡ. ಆದ್ರ ಮಗಳ, ಒಂದು ಉಪಕಾರ ಮಾಡು. ಅದಕ್ಕ ಮೊದಲ ಓವಿ ಕಡಿಂದ ಕಾರ್ಡಿನ ಪರೀಕ್ಷಾ ಆಗಲಿ. ಮತ್ತ ಪರೀಕ್ಷಾ ಚಾಲೂ ಮಾಡೂಕಿಂತ ಮೊದಲ ನನಗೊಂದು ಫೋನ್ ಹಚ್ಚು."