ಗೌಡರ ನೀಡ

ಚನ್ನನಗೌಡರ ಕೈಯಲ್ಲಿ ವರ್ಷದ ಹನ್ನೆರಡು ತಿಂಗಳೂ ಒಂದು ಕರಿ ಕೊಡೆ ಇರುತ್ತಿತ್ತು. ಅದನ್ನು ಅವರು ಬಿಚ್ಚಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಬಳ್ಳಾರಿಯ ಬಿಸಿಲು ನೆತ್ತಿ ಸುಡುತ್ತಿದ್ದರೂ ಅದು ಮಡಿಚಿಯೇ ಇರುತ್ತಿತ್ತು. ಅದರ ಚೂಪು ತುದಿಯನ್ನು ನೆಲಕ್ಕೆ ಊರಿ, ಬಿದ್ದ ನೆರಳನ್ನು ಕಣ್ಣು ಕಿರಿದು ಮಾಡಿ ನೋಡಿ, "ಹ್ಞಾಂ, ಇಲ್ಲೀಮಟ ಬರ್ತೈತಿ" ಎಂದು ತಮಗೆ ತಾವೇ ಹೇಳಿಕೊಂಡು ಮುಂದೆ ಹೋಗುತ್ತಿದ್ದರು.

ಅದು ಎಪ್ಪತ್ತರ ದಶಕದ ಕೊನೆ. ಊರಾಚೆ, ಗುಡ್ಡದ ಮಗ್ಗುಲಿನ ಬಯಲಿನಲ್ಲಿ ವಿಶ್ವವಿದ್ಯಾಲಯದ ಹೊಸ ಆವರಣ ಏಳುತ್ತಿತ್ತು. ಕುರುಗೋಡಿನವರಾದ ಗೌಡರು ಅದರ ಇಂಜಿನಿಯರು. ನಾನು ಆಗಷ್ಟೇ ಅಲ್ಲಿ ಅರ್ಥಶಾಸ್ತ್ರ ಕಲಿಸಲು ಸೇರಿ, ಸಿರುಗುಪ್ಪದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಗೌಡರದು ಹಣೆಗೆ ವಿಭೂತಿ, ಇಸ್ತ್ರಿ ಕಾಣದ ಬಿಳಿ ಅಂಗಿ, ನಡೆದರೆ ಕಿರ್ರೆನ್ನುವ ಚಪ್ಪಲಿ. ಯಾರೋ ಜೋಳದ ವ್ಯಾಪಾರದ ಸಾಹುಕಾರರು ದಾರಿ ತಪ್ಪಿ ಬಂದಿದ್ದಾರೆ ಎಂದೇ ಮೊದಲ ದಿನ ನಾನು ತಿಳಿದದ್ದು.

ಆವರಣದಲ್ಲಿ ಕಟ್ಟಡಗಳಿದ್ದವು, ನೆರಳಿರಲಿಲ್ಲ. ಊಟದ ಹೊತ್ತಿಗೆ ಹುಡುಗರು ರಸ್ತೆ ದಾಟಿ ಚಹಾದಂಗಡಿಯ ಚಪ್ಪರದಡಿ ಕೂಡುತ್ತಿದ್ದರು. ನಾನೂ, ಸಿರಿಗೇರಿ, ಹಚ್ಚೊಳ್ಳಿ ಕಡೆಯಿಂದ ಬರುವ ಹುಡುಗಿಯರೂ ಗ್ರಂಥಾಲಯದ ಬಾಗಿಲ ಸೂರಿನಡಿಯ ಮೆಟ್ಟಿಲ ಮೇಲೆ ಮುದುಡಿ ಕೂತು, ಹೋಗಿಬರುವವರಿಗೆಲ್ಲ ಮಂಡಿ ಸರಿಸುತ್ತ ಬುತ್ತಿ ಉಣ್ಣುತ್ತಿದ್ದೆವು. ಒಂದು ದಿನ ಗೌಡರು ನಮ್ಮನ್ನು ನೋಡಿ ಗಕ್ಕನೆ ನಿಂತರು.

"ಮಂದಿ ಕಾಲಾಗ ಕುಂತು ಉಣ್ಣೋದೇನು ತಂಗಿ? ನಿಮಗ ಕುಂತು ಉಣ್ಣಾಕ ಒಂದು ಜಾಗಾ ಮಾಡಲಿಲ್ಲಂದ್ರ ನಾ ಯಾತರ ಇಂಜಿನಿಯರು?"

ಅವತ್ತೇ ಜಾಗ ಹುಡುಕಲು ಹೊರಟರು. ಆದೋನಿ ಕಡೆಯ ಮೇಸ್ತ್ರಿ ಓಬುಲೇಸು ಗ್ರಂಥಾಲಯದ ಉತ್ತರಕ್ಕೆ ನಿಂತು, "ಇಕ್ಕಡ ನೀಡ ಉಂದಿ ಸಾರ್" ಎಂದ. ನೀಡ ಎಂದರೆ ತೆಲುಗಿನಲ್ಲಿ ನೆರಳು. ಗೌಡರಿಗೆ ಅದು ಹುಟ್ಟಿದಾಗಿನಿಂದ ಗೊತ್ತಿದ್ದ ಮಾತೇ. ಆದರೂ ಅವತ್ತು ಹೊಸದಾಗಿ ಕಿವಿಗೆ ಬಿದ್ದವರಂತೆ ನನ್ನ ಕಡೆ ತಿರುಗಿದರು. "ಕೇಳಿದೇನವ್ವಾ? ನಮ್ಮಾಗ ನೀಡು ಅಂದ್ರ ಉಣ್ಣಾಕ ಬಡಸು. ಇವರಾಗ ನೀಡ ಅಂದ್ರ ನೆಳ್ಳು. ಹಸದು ಬಂದವರಿಗೆ ಅದೂ ಬೇಕು, ಇದೂ ಬೇಕು." ಅಲ್ಲಿಂದಾಚೆ ಅವರು ನೆರಳು ಎಂಬ ಮಾತನ್ನೇ ಬಿಟ್ಟುಬಿಟ್ಟರು.

ಚಳಿಗಾಲ ಮುಗಿಯುವುದರೊಳಗೆ ಬಂಡೆಗಲ್ಲಿನ ಉದ್ದನೆಯ ಕಟ್ಟೆ ಸಿದ್ಧವಾಯಿತು. ಕಟ್ಟಡದ ನೆರಳಿನಲ್ಲಿ ತಣ್ಣಗೆ ಕಾಲು ಚಾಚಿ ಉಂಡೆವು. ಆಮೇಲೆ ಬೇಸಿಗೆ ಬಂತು. ಸೂರ್ಯ ಉತ್ತರಕ್ಕೆ ಸರಿದ, ನೆರಳು ಗೋಡೆಯೊಳಗೇ ಸೇರಿಕೊಂಡಿತು. ದಿನಾ ಕೊಡೆ ಊರಿ ನೆರಳು ಅಳೆದ ಪುಣ್ಯಾತ್ಮರು ಸೂರ್ಯ ದಿಕ್ಕು ಬದಲಿಸುವುದನ್ನೇ ಮರೆತಿದ್ದರು! ನಾವು ಮತ್ತೆ ಮೆಟ್ಟಿಲಿಗೆ ಬಂದೆವು.

"ಗೌಡ್ರ, ನಿಮ್ಮ ಕಟ್ಟಿ ಮ್ಯಾಲ ರೊಟ್ಟಿ ಹಾಕಿದ್ರ ಬೇಯ್ತಾವ್ರಿ" ಎಂದು ಛೇಡಿಸಿದೆ.

ಅವರು ಹೊಟ್ಟೆ ಅಲುಗಿಸಿ ನಕ್ಕರು. "ಥಂಡ್ಯಾಗ ಹೆಣ್ಣು ನೋಡಿ, ಬ್ಯಾಸಗ್ಯಾಗ ಸಂಸಾರ ಹೂಡಿದಂಗಾತು ತಂಗಿ. ಗುಣ ಪೂರಾ ತಿಳೀಲಿಲ್ಲ."

ಮುಂಗಾರು ಬಿದ್ದ ಕೂಡಲೇ ಕಟ್ಟೆಯುದ್ದಕ್ಕೂ ಹೊಂಗೆ ಸಸಿ ಇಡಿಸಿದರು. ಮರುವರ್ಷದ ಬೇಸಿಗೆಯಲ್ಲಿ ಕೆಲಸ ನೋಡಲು ಮೇಲಿನ ಕಚೇರಿಯ ಸಾಹೇಬರು ಬಂದರು. ನಮ್ಮ ಬಳ್ಳಾರಿಯ ಕೌಲ್‌ಬಜಾರಿನಲ್ಲೇ ಬೆಳೆದವರು, ಕನ್ನಡ, ತೆಲುಗು ಎರಡೂ ಬಲ್ಲವರು. ಸಸಿಗಳನ್ನು ಕಂಡು ಹುಬ್ಬು ಗಂಟಿಕ್ಕಿದರು. "ನಕ್ಷಾದಾಗ ಇಲ್ಲಿ ಹುಲ್ಲಿನ ಹಾಸು ಐತಿ. ಇವು ಬೆಳದ್ರ ಕಟ್ಟಡಾನ ಕಾಣಂಗಿಲ್ಲ. ಕೀಳಸ್ರಿ."

ಸಸಿ ಹೋದರೆ ನಮಗೆ ಆ ಮೆಟ್ಟಿಲೇ ಗತಿ. ಗೌಡರು ಮಾತ್ರ ವಾದಕ್ಕಿಳಿಯಲಿಲ್ಲ. "ಆತ್ರಿ. ಊಟದ ಹೊತ್ತಾಗೈತಿ, ಮೊದಲು ಉಣ್ಣೋಣು ಬರ್ರಿ" ಎಂದು ಅವರನ್ನು ನೆಟ್ಟಗೆ ಕಟ್ಟೆಗೆ ಕರೆದೊಯ್ದರು. ಕುರುಗೋಡಿನ ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿಮೊಸರು ಬಂದಿತ್ತು. ಸಾಹೇಬರು ಕೂತವರೇ ಹೌಹಾರಿ ಎದ್ದರು.

"ಏನ್ರಿ ಗೌಡ್ರ, ಕೆಂಡದಂಗ ಐತಲ್ರಿ! ನೆಳ್ಳಿಗೆ ಹೋಗೋಣು ನಡೀರಿ."

ಗೌಡರು ರೊಟ್ಟಿ ಹಿಡಿದ ಕೈಯಲ್ಲೇ ಸಸಿಗಳನ್ನು ತೋರಿಸಿದರು. "ಉಣ್ಣಾಕ ನಾ ನೀಡತೀನಿ ಸಾಹೇಬ್ರ. ನೀಡ ನೀವು ಉಳಸ್ರಿ."

ಸಾಹೇಬರು ಮಾತು ತಿಳಿದು ನಕ್ಕು, ನೆರಳಿಗೆಂದು ಗ್ರಂಥಾಲಯದ ಮೆಟ್ಟಿಲಿಗೇ ಬಂದರು. ನಾವು ಮೆಟ್ಟಿಲ ಮೇಲೆ ಸರಿದು ಅವರಿಗೂ ಜಾಗ ಮಾಡಿಕೊಟ್ಟೆವು. ಎರಡು ರೊಟ್ಟಿ ಮುಗಿಯುವುದರೊಳಗೆ, ಹೋಗಿಬರುವವರಿಗೆ ಅವರೂ ಎಷ್ಟೋ ಸಲ ಮಂಡಿ ಸರಿಸಬೇಕಾಯಿತು. ಕೈ ತೊಳೆದವರು, "ಇರ್ಲಿ ಬಿಡ್ರಿ ಸಸಿ" ಎಂದು ಜೀಪು ಹತ್ತಿದರು.

ಗೌಡರು ನಿವೃತ್ತರಾದ ದಿನ ಹೊಂಗೆ ನನ್ನ ಹೆಗಲಿಗೆ ಬಂದಿತ್ತು, ಅಷ್ಟೇ. ಅವರು ಕುಕ್ಕುರುಗಾಲಲ್ಲಿ ಕೂತು, ಗಿಡದ ಬುಡದ ನೆರಳಿಗೆ ಅಂಗೈ ಒಡ್ಡಿದರು. "ಒಂದು ಉಣ್ಣೋ ಗಂಗಾಳದಷ್ಟು ಆಗೈತಿ ನೋಡು ತಂಗಿ. ಒಬ್ಬರಿಗೆ ನೀಡಬೌದು."

ಎದ್ದು, ಇನ್ನು ಅಳೆಯುವುದೇನಿದೆ ಎಂಬಂತೆ ಕೊಡೆ ಬಿಚ್ಚಿದರು. ಅದೇ ಮೊದಲು. ವರ್ಷಗಟ್ಟಲೆ ಮಡಿಚಿಟ್ಟ ಬಟ್ಟೆ ಮಡಿಕೆ ಮಡಿಕೆಗೂ ತೂತುಬಿದ್ದು, ಬಿಸಿಲು ಅವರ ಬಿಳಿ ಅಂಗಿಯ ಮೇಲೆಲ್ಲ ಚುಕ್ಕೆ ಚುಕ್ಕೆಯಾಗಿ ಬಿತ್ತು. "ಇದರಾಗ ನೀಡಾನ ಇಲ್ಲಲ್ಲೇ!" ಎಂದು ನಗುತ್ತ, ಆ ತೂತು ಕೊಡೆ ಹಿಡಿದೇ ಕುರುಗೋಡಿನ ಬಸ್ಸಿಗೆ ನಡೆದರು. ನಾನೂ ನಕ್ಕೆ. ಮತ್ತೆ ಅವರನ್ನು ನೋಡಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ಮಣ್ಣಾಗಿ ಎಷ್ಟೋ ದಿನವಾಗಿತ್ತು. ಆ ಮರಗಳ ಕೆಳಗೆ ಒಮ್ಮೆ ಅವರನ್ನು ಕೂರಿಸಿ ಉಣಬಡಿಸಬೇಕೆಂಬ ಆಸೆ ನನಗೆ ಬಹಳ ಇತ್ತು.

ಈಗ ಹೊಂಗೆ ಕಟ್ಟೆಯನ್ನು ಪೂರಾ ಮುಚ್ಚಿದೆ. ಹುಡುಗಿಯರು ಆ ಜಾಗವನ್ನೇ ನೀಡ ಎನ್ನುತ್ತಾರೆ. ಹೆಸರಿಟ್ಟವರು ಯಾರೆಂದು ಅವರಿಗೆ ಗೊತ್ತಿಲ್ಲ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬುತ್ತಿಗಂಟು ಹಿಡಿದು, "ಮೇಡಂ, ಎಲ್ಲಾರೂ ನೀಡಕ್ಕ ಬಾ ಅಂತಾರ, ಎಲ್ಲೈತ್ರಿ ಅದು?" ಎಂದಳು.

ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡೆ. ಅವಳಿಗೆ ಮೊದಲ ರೊಟ್ಟಿ ನಾನೇ ನೀಡಿದೆ.